ನಿದ್ದೆಯಲ್ಲಿ ನಡೆಯುವುದು, ಬೊಬ್ಬೆ ಹೊಡೆಯುವುದು, ಕೈಕಾಲು ಬೀಸುವುದು: ಕಾಸರಗೋಡಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯವರು ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳಿದ್ದನ್ನು ಆದಷ್ಟು ಅವರದೇ ಮಾತಿನಲ್ಲಿ ಇಲ್ಲಿ ಜೋಡಿಸಿದ್ದೇವೆ. ನಿಮಗೆ ಬೇಕಾದ ಪ್ರಶ್ನೆಯೊಂದನ್ನೇ ಓದಿದರೂ ಉತ್ತರ ಪೂರ್ತಿ ಸಿಗುತ್ತದೆ. ಆದರೆ ಮೊದಲನೆಯದನ್ನು ಮಾತ್ರ ಬಿಡಬೇಡಿ.

## ಮೊದಲು ಗಡಿಯಾರ ನೋಡಿ

ನಿದ್ದೆಯಲ್ಲಿ ನಡೆಯುವುದು, ಬೊಬ್ಬೆ ಹೊಡೆಯುವುದು, ಒದೆಯುವುದು ಎಲ್ಲ ಒಂದೇ ತೊಂದರೆಯಾ?

ಅಲ್ಲ. ಯಾವುದು ಯಾವುದೆಂದು ಬಿಡಿಸಲು ಮೊದಲು ಬೇಕಾದದ್ದು ಸ್ಕ್ಯಾನ್ ಅಲ್ಲ, ಗಡಿಯಾರ.

ರಾತ್ರಿಯ ನಿದ್ದೆ ಸುಮಾರು 90 ನಿಮಿಷಕ್ಕೊಂದು ಸುತ್ತಿನಂತೆ ಸಾಗುತ್ತದೆ. ಮಲಗಿದ ಮೊದಲ ಎರಡು ಮೂರು ಗಂಟೆಗಳಲ್ಲಿ ಗಾಢನಿದ್ದೆ ಹೆಚ್ಚು. ಬೆಳಗಿನ ಜಾವ ಸಮೀಪಿಸಿದಂತೆ ಕನಸಿನ ನಿದ್ದೆ ಹೆಚ್ಚುತ್ತದೆ. ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಚುರುಕಾಗಿ ಓಡಾಡುವ ಈ ಕನಸಿನ ನಿದ್ದೆಗೆ ರೆಮ್ ಎಂದು ಹೆಸರು. ಷಿಕಾಗೊದಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಇದನ್ನು ಗುರುತಿಸಿ ಪ್ರಕಟಿಸಿದ್ದು 1953ರಲ್ಲಿ.

ಗಾಢನಿದ್ದೆಯಿಂದ ಮಿದುಳು ಅರ್ಧ ಮಾತ್ರ ಎಚ್ಚೆತ್ತಾಗ ನಡಿಗೆ, ಕಿರುಚಾಟ, ಗೊಂದಲದ ಎಚ್ಚರ, ನಿದ್ದೆಯಲ್ಲೇ ತಿನ್ನುವುದು ಕಾಣಿಸುತ್ತವೆ. ಕೈಕಾಲು ಎಚ್ಚೆತ್ತಿರುತ್ತವೆ, ನೆನಪು ಮತ್ತು ವಿವೇಚನೆ ಮಲಗಿರುತ್ತವೆ. ಹಾಗಾಗಿ ಬೆಳಿಗ್ಗೆ ಕೇಳಿದರೆ ಏನೂ ಗೊತ್ತಿರುವುದಿಲ್ಲ. ಕೆಟ್ಟ ಕನಸು, ಮೈ ಕಟ್ಟಿ ಹಾಕಿದ ಹಾಗಾಗುವುದು, ಕನಸಿಗೆ ತಕ್ಕಂತೆ ಗುದ್ದುವುದು ಒದೆಯುವುದು ರೆಮ್ ನಿದ್ದೆಗೆ ಸೇರಿದವು. ಹೆಚ್ಚಾಗಿ ರಾತ್ರಿಯ ಉತ್ತರಾರ್ಧದಲ್ಲಿ ಬರುತ್ತವೆ, ಕನಸೂ ನೆನಪಿರುತ್ತದೆ.

ಆದ್ದರಿಂದ ಮೂರು ಸಂಗತಿ ಬರೆದಿಡಿ: ಮಲಗಿ ಎಷ್ಟು ಹೊತ್ತಿಗೆ ಆಯಿತು, ಎಷ್ಟು ನಿಮಿಷ ಇತ್ತು, ಬೆಳಿಗ್ಗೆ ನೆನಪಿತ್ತೇ. ಕೆಳಗಿನ ಉತ್ತರಗಳೆಲ್ಲ ಈ ಮೂರರ ಮೇಲೆ ನಿಂತಿವೆ.

ಕಣ್ಣು ಮುಚ್ಚುವಷ್ಟರಲ್ಲಿ ಮೆಟ್ಟಿಲಿನಿಂದ ಜಾರಿ ಬಿದ್ದ ಹಾಗೆ ಮೈ ದಡಕ್ಕನೆ ಹಾರುತ್ತದೆ. ನರದ ರೋಗವಾ?

ಅಲ್ಲ. ಎಚ್ಚರದಿಂದ ನಿದ್ದೆಗೆ ಇಳಿಯುವಾಗ ಸ್ನಾಯುಗಳು ಒಮ್ಮೆ ಹಾರುವುದು ಆರೋಗ್ಯವಂತರಲ್ಲೂ ಇದೆ. ಸಂಜೆ ಮೇಲೆ ಕಾಫಿ, ಚಹಾ, ದಣಿವು, ಚಿಂತೆ ಹೆಚ್ಚಾದರೆ ಇದೂ ಹೆಚ್ಚು. ಕೆಲವರಿಗೆ ಅದೇ ಹೊತ್ತಿಗೆ ತಲೆಯೊಳಗೆ ಕದಿನ ಸಿಡಿದಷ್ಟು ದೊಡ್ಡ ಸದ್ದು ಕೇಳುತ್ತದೆ. ನೋವಿಲ್ಲದಿದ್ದರೆ ಅದೂ ನಿರುಪದ್ರವಿ. ಸದ್ದಿನ ಜೊತೆ ಹಿಂದೆಂದೂ ಕಾಣದಂಥ ತಲೆನೋವು ಒಮ್ಮೆಲೇ ಬಡಿದರೆ ಅದು ಬೇರೆಯೇ ವಿಷಯ. ಆಗ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.

ನಿದ್ದೆಯಲ್ಲಿ ಮಾತಾಡಿದರೆ ಮನಸ್ಸಿನ ಗುಟ್ಟು ಹೊರಗೆ ಬೀಳ್ತದಾ?

ಆ ಮಾತನ್ನು ಸಾಕ್ಷಿಯಾಗಿ ಹಿಡಿಯಬೇಡಿ. ನಿದ್ದೆಯ ಯಾವ ಹಂತದಲ್ಲಾದರೂ ಬರಬಹುದಾದ ಮಾತು ಅದು. ಹೆಚ್ಚಿನ ಸಲ ತುಂಡು ತುಂಡಾಗಿರುತ್ತದೆ, ಎಚ್ಚರದ ನಿಜಕ್ಕೂ ಅದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ಗಂಡಹೆಂಡಿರ ನಡುವೆ ಇದರಿಂದ ಜಗಳ ಹುಟ್ಟಿದ ಮನೆಗಳಿವೆ, ಅದಕ್ಕೆ ಆಧಾರವಿಲ್ಲ. ಮಾತಿಗೆ ಚಿಕಿತ್ಸೆಯೂ ಬೇಡ. 50 ದಾಟಿದವರಲ್ಲಿ ಹೊಸದಾಗಿ ಬೈಗುಳ, ಕೂಗಾಟ, ಕೈ ಬೀಸುವಿಕೆ ಶುರುವಾದರೆ ಮಾತ್ರ ಕೆಳಗೆ ಹಿರಿಯರ ಬಗ್ಗೆ ಬರೆದದ್ದನ್ನು ಓದಿ.

ಕುಲೆಯ ಉಪದ್ರ ಇರಬೇಕು, ಪ್ರಶ್ನೆ ಇಡಿಸಿ ಅಂತ ಹಿರಿಯರು ಹೇಳ್ತಾರೆ. ಎಂತ ಮಾಡುವುದು?

ಕಣ್ಣು ತೆರೆದಿದೆ, ನೋಟ ಎಲ್ಲೋ ಇದೆ, ಹೆತ್ತ ತಾಯಿಯ ಗುರುತೂ ಸಿಗುವುದಿಲ್ಲ. ಇಂಥದ್ದನ್ನು ನಡುರಾತ್ರಿ ಕಂಡವರಿಗೆ ಯಾರೋ ಮೈಮೇಲೆ ಬಂದಿದ್ದಾರೆ ಅನ್ನಿಸುವುದು ಸಹಜ. ಹಿರಿಯರ ಆತಂಕವನ್ನು ಹೀಗಳೆಯಬೇಡಿ. ನೂಲು ಕಟ್ಟಿಸುವುದರಿಂದ, ದೇವರಿಗೆ ಹೇಳಿಕೊಳ್ಳುವುದರಿಂದ ಮನೆಯವರಿಗೆ ಧೈರ್ಯ ಬರುವುದಾದರೆ ಅದು ನಿಮ್ಮ ಮನೆಯ ವಿಚಾರ.

ನಾವು ಗಟ್ಟಿಯಾಗಿ ಬೇಡವೆನ್ನುವುದು ಇವನ್ನು: ಮೆಣಸಿನ ಹೊಗೆ ಹಾಕುವುದು, ಹೊಡೆಯುವುದು, ಬರೆ ಎಳೆಯುವುದು, ರಾತ್ರಿಯಿಡೀ ಎಚ್ಚರ ಕೂರಿಸುವುದು. ಮೊದಲ ಮೂರು ಗಾಯ ಮಾಡುತ್ತವೆ. ನಾಲ್ಕನೆಯದು ತೊಂದರೆಯನ್ನೇ ಹೆಚ್ಚಿಸುತ್ತದೆ, ಏಕೆಂದರೆ ನಿದ್ದೆಗೆಟ್ಟ ಮರುರಾತ್ರಿ ಗಾಢನಿದ್ದೆ ಇನ್ನಷ್ಟು ಗಾಢವಾಗಿ, ಅರ್ಧ ಎಚ್ಚರದ ಸಾಧ್ಯತೆ ಏರುತ್ತದೆ. ಪ್ರಶ್ನೆ ಇಡಿಸಲು ತಿಂಗಳು ಕಾಯುವುದಾದರೂ ಬಾವಿಗೆ ಗ್ರಿಲ್ ಹಾಕಿಸುವುದನ್ನು ಮುಂದೂಡಬೇಡಿ.

## ಮಕ್ಕಳಲ್ಲಿ

ಐದು ವರ್ಷದ ಮಗಳು ರಾತ್ರಿ ಹನ್ನೊಂದಕ್ಕೆ ಎದ್ದು ಕೂತು ಕಿರುಚುತ್ತಾಳೆ, ಎತ್ತಿಕೊಂಡರೆ ದೂಡುತ್ತಾಳೆ. ಕೆಟ್ಟ ಕನಸಾ?

ನೀವು ಹೇಳುವ ಹೊತ್ತು ಮತ್ತು ದೂಡುವಿಕೆ ಎರಡೂ ನಿದ್ದೆಯ ಭೀತಿಯ ಕಡೆಗೆ ಬೆರಳು ತೋರಿಸುತ್ತವೆ. ಮಲಗಿದ ಒಂದರಿಂದ ಮೂರು ಗಂಟೆಯೊಳಗೆ ಬರುತ್ತದೆ, ಎದೆ ಡವಗುಟ್ಟುತ್ತದೆ, ಮೈ ಬೆವರುತ್ತದೆ, ಕೆಲವು ನಿಮಿಷಗಳಲ್ಲಿ ತಾನಾಗಿ ಇಳಿದು ಮಗು ಮಲಗಿಬಿಡುತ್ತದೆ. ನೋಡುವವರಿಗೆ ಭಯಂಕರ, ಮಗುವಿಗೆ ಮರುದಿನ ಅದರ ನೆನಪೇ ಇಲ್ಲ.

ಕೆಟ್ಟ ಕನಸಾದರೆ ಮಗು ಪೂರ್ತಿ ಎಚ್ಚರವಾಗುತ್ತದೆ, ನಿಮ್ಮನ್ನು ಗುರುತು ಹಿಡಿಯುತ್ತದೆ, ಕಂಡದ್ದನ್ನು ಹೇಳುತ್ತದೆ, ಪುನಃ ಮಲಗಲು ಹೆದರುತ್ತದೆ. ಅಲ್ಲಿ ಅಪ್ಪಿಕೊಳ್ಳುವುದೇ ಮದ್ದು. ಭೀತಿಯಲ್ಲಿ ಬಿಗಿಯಾಗಿ ಅಪ್ಪಿ ಹಿಡಿದರೆ ಕಿರುಚಾಟ ಹೆಚ್ಚುತ್ತದೆ. ಇಲ್ಲೇ ಹೆಚ್ಚಿನವರು ತಪ್ಪುವುದು.

ಟ್ಯೂಬ್‌ಲೈಟ್ ಹಾಕಬೇಡಿ, ಮುಖಕ್ಕೆ ನೀರು ಚಿಮುಕಿಸಬೇಡಿ, ಅಲುಗಾಡಿಸಿ ಹೆಸರು ಕೂಗಬೇಡಿ. ಮಂಚದ ಪಕ್ಕ ಕೂತು, ತಲೆ ಗೋಡೆಗೆ ಬಡಿಯದ ಹಾಗೆ ಕೈ ಅಡ್ಡ ಇಟ್ಟು, ಮೆಲುದನಿಯಲ್ಲಿ "ಇಲ್ಲೇ ಇದ್ದೇನೆ ಪುಟ್ಟಿ, ಮಲಗು" ಎಂದರೆ ಸಾಕು. ಬೆಳಿಗ್ಗೆ ನೆಂಟರ ಎದುರು ಅದನ್ನು ಎತ್ತಿ ಆಡಬೇಡಿ. ತನಗೆ ಗೊತ್ತೇ ಇಲ್ಲದ್ದಕ್ಕೆ ಮಗು ನಾಚಿ, ಮಲಗಲೇ ಹೆದರುವ ಹಾಗಾಗುತ್ತದೆ.

ಜ್ವರ, ಮಧ್ಯಾಹ್ನದ ನಿದ್ದೆ ತಪ್ಪಿದ್ದು, ಮೂತ್ರ ತುಂಬಿದ್ದು, ಕಜ್ಜಿಯ ತುರಿಕೆ ಇದನ್ನು ಎಬ್ಬಿಸಬಹುದು. ಮಗು ದಿನವೂ ಗೊರಕೆ ಹೊಡೆಯುತ್ತಿದ್ದರೆ, ಬಾಯಿ ತೆರೆದು ಮಲಗುತ್ತಿದ್ದರೆ ಟಾನ್ಸಿಲ್ ಮತ್ತು ಮೂಗಿನ ಹಿಂದಿನ ಅಡಿನಾಯ್ಡ್ ಗಡ್ಡೆಯನ್ನು ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಿ. ಉಸಿರಿನ ಅಡ್ಡಿ ಸರಿಯಾದರೆ ಭೀತಿಯೂ ನಿಲ್ಲುವುದುಂಟು.

ನಿದ್ದೆಯಲ್ಲಿ ನಡೆಯುವವರನ್ನು ಎಬ್ಬಿಸಿದರೆ ಜೀವಕ್ಕೆ ಅಪಾಯ ಅಂತಾರೆ, ಹೌದಾ?

ಎಬ್ಬಿಸಿದ್ದರಿಂದ ಹೃದಯ ನಿಲ್ಲುವುದಿಲ್ಲ, ಬುದ್ಧಿ ಕೆಡುವುದಿಲ್ಲ. ಆದರೂ ಎಬ್ಬಿಸದಿರುವುದು ಒಳ್ಳೆಯದು. ಅರ್ಧ ಎಚ್ಚರದಲ್ಲಿ ಕೈ ಹಿಡಿದೆಳೆದರೆ ಗಾಬರಿಯಿಂದ ಹೊಡೆಯಬಹುದು, ಓಡಬಹುದು. ಬದಿಯಲ್ಲಿ ನಿಂತು ಮೊಣಕೈಯನ್ನು ಹಗುರವಾಗಿ ಮುಟ್ಟಿ, "ಬಾ, ಮಲಗುವ" ಎಂದು ಹಾಸಿಗೆಯ ಕಡೆ ತಿರುಗಿಸಿ. ಹೆಚ್ಚಿನವರು ಬರುತ್ತಾರೆ. ದಾರಿಯಲ್ಲಿ ಬಚ್ಚಲಿಗೆ ಕರೆದೊಯ್ದು ಮೂತ್ರ ಮಾಡಿಸಿದರೆ ಅದೇ ರಾತ್ರಿ ಇನ್ನೊಮ್ಮೆ ಏಳುವುದು ತಪ್ಪಬಹುದು. ಮೆಟ್ಟಿಲ ತುದಿಯಲ್ಲೋ ಬಾವಿಕಟ್ಟೆಯ ಬಳಿಯೋ ಇದ್ದರೆ ಮಾತ್ರ ನಿಧಾನ ನೋಡದೆ ಹಿಡಿದುಕೊಳ್ಳಿ.

ಮಗಳು ನಿದ್ದೆಯಲ್ಲಿ ನಡೆಯುತ್ತಾಳೆ, ಅವಳ ಅಪ್ಪನೂ ಸಣ್ಣದರಲ್ಲಿ ಹೀಗೇ ನಡೆಯುತ್ತಿದ್ದರಂತೆ. ರಕ್ತದಲ್ಲಿ ಬರ್ತದಾ?

ಬರುತ್ತದೆ. ಕೆನಡಾದ ಕ್ಯುಬೆಕ್‌ನ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಂದೆತಾಯಿ ಇಬ್ಬರಿಗೂ ಈ ಅಭ್ಯಾಸ ಇಲ್ಲದ ಮಕ್ಕಳಲ್ಲಿ ನೂರಕ್ಕೆ ಸುಮಾರು 22 ಮಂದಿ ನಡೆದಿದ್ದರು. ಒಬ್ಬರಿಗೆ ಇದ್ದರೆ 47, ಇಬ್ಬರಿಗೂ ಇದ್ದರೆ 61. ಹೆಚ್ಚಿನ ಮಕ್ಕಳಲ್ಲಿ ಹದಿಹರೆಯ ದಾಟುವಷ್ಟರಲ್ಲಿ ನಿಲ್ಲುತ್ತದೆ.

ಮಕ್ಕಳ ಈ ನಡಿಗೆ, ಕಿರುಚಾಟ ಮದ್ದಿಲ್ಲದೆ ನಿಲ್ಲಿಸಲಿಕ್ಕೆ ದಾರಿ ಉಂಟಾ?

ಉಂಟು. ಮೊದಲು ನಿದ್ದೆಯ ಲೆಕ್ಕ ಸರಿ ಮಾಡಿ. 3ರಿಂದ 5 ವರ್ಷದವರಿಗೆ ಹಗಲಿನದೂ ಸೇರಿ 10–13 ಗಂಟೆ, 6ರಿಂದ 12ರವರಿಗೆ 9–12 ಗಂಟೆ, ಹದಿಹರೆಯದವರಿಗೆ 8–10 ಗಂಟೆ ಬೇಕು. ಆರು ಗಂಟೆಗೇ ಎದ್ದು ಟ್ಯೂಷನ್‌ಗೋ ಮದರಸಾಕ್ಕೋ ಹೋಗಿ ಅಲ್ಲಿಂದ ಶಾಲೆಯ ಬಸ್ಸು ಹಿಡಿಯುವ ಎಂಟು ವರ್ಷದ ಹುಡುಗ ರಾತ್ರಿ ಹತ್ತೂವರೆಗೆ ಮಲಗಿದರೆ ದಿನವೂ ಒಂದೂವರೆ ಗಂಟೆ ಸಾಲ. ಮಲಗುವ ಹೊತ್ತನ್ನು ಅರ್ಧ ಗಂಟೆಯಷ್ಟು ಹಿಂದಕ್ಕೆ ತನ್ನಿ, ವಾರದ ಮೇಲೆ ಇನ್ನರ್ಧ ಗಂಟೆ. ಬರೇ ಇಷ್ಟಕ್ಕೇ ನಿಂತ ಮಕ್ಕಳು ಬಹಳ.

ನಿಲ್ಲದಿದ್ದರೆ, ಹೊತ್ತು ನೋಡಿ ಎಬ್ಬಿಸುವ ಕ್ರಮ. ಏಳೆಂಟು ರಾತ್ರಿ ಗಂಟೆ ಬರೆದಿಡಿ. ಹೆಚ್ಚುಕಮ್ಮಿ ಹನ್ನೊಂದಕ್ಕೇ ಏಳುವುದಾದರೆ 10.40ಕ್ಕೆ ನೀವೇ ಮೆಲ್ಲಗೆ ಎಬ್ಬಿಸಿ. ಕಣ್ಣು ತೆರೆದು ಒಂದು ಮಾತಿಗೆ ಉತ್ತರ ಕೊಟ್ಟರೆ, ಗುಟುಕು ನೀರು ಕುಡಿದರೆ ಸಾಕು, ಪುನಃ ಮಲಗಿಸಿ. ಎರಡರಿಂದ ನಾಲ್ಕು ವಾರ ಒಂದು ರಾತ್ರಿಯೂ ಬಿಡದೆ ಮಾಡಿ. ಇದು ಕೆಡುವುದು ಎರಡು ಕಾರಣಕ್ಕೆ: ಹೊತ್ತು ದಿನಕ್ಕೊಂದು ಬಗೆಯಾಗಿರುವುದು, ಇಲ್ಲವೇ ನಾಲ್ಕು ದಿನ ಮಾಡಿ ಐದನೆಯ ದಿನ ಅಪ್ಪ ಅಮ್ಮನೇ ನಿದ್ದೆ ಹೋಗುವುದು. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ.

ಮಗು ಮಲಗಲೆಂದು ಕೆಮ್ಮಿನ ಸಿರಪ್ ಕುಡಿಸುವ ಪದ್ಧತಿ ನಮ್ಮಲ್ಲಿದೆ. ದಯವಿಟ್ಟು ಬೇಡ. ಅದು ಗೊಂದಲದ ಎಚ್ಚರವನ್ನು ಹೆಚ್ಚಿಸಬಹುದು, ಸಣ್ಣ ಮಕ್ಕಳಲ್ಲಿ ಉಸಿರಿಗೂ ಅಪಾಯ.

ರಾತ್ರಿಯಿಡೀ ಆಟ ನೋಡಿ ಬಂದ ಮರುದಿನವೇ ಮಗ ನಿದ್ದೆಯಲ್ಲಿ ನಡೆದ. ವೇಷ ಕಂಡು ಹೆದರಿದನಾ?

ವೇಷಕ್ಕಿಂತ ನಿದ್ದೆಗೇಡು ಕಾರಣವಾಗಿರುವ ಸಂಭವ ಹೆಚ್ಚು. ನಿದ್ದೆಯಲ್ಲಿ ನಡೆಯುವ ಅಭ್ಯಾಸದವರನ್ನು 25 ಗಂಟೆ ಎಚ್ಚರವಿರಿಸಿ ಆಮೇಲೆ ಮಲಗಿಸಿ ನೋಡಿದ ಮಾಂಟ್ರಿಯಲ್ ಪ್ರಯೋಗದಲ್ಲಿ ಪ್ರಸಂಗಗಳು ಸ್ಪಷ್ಟವಾಗಿ ಹೆಚ್ಚಿದವು. ಯಕ್ಷಗಾನವಾಗಲಿ, ತಾಳಮದ್ದಳೆಯಾಗಲಿ, ಕೋಲವಾಗಲಿ ಮಕ್ಕಳಿಗೆ ತಪ್ಪಿಸಬೇಡಿ. ಅದು ಅವರ ಪಾಲಿನ ಸಂಪತ್ತು. ಹೋಗುವ ದಿನ ಮಧ್ಯಾಹ್ನ ಒಂದೂವರೆ ಗಂಟೆ ಮಲಗಿಸಿ. ಮರುದಿನ ಹಗಲು ಒಂದಿಷ್ಟು ನಿದ್ದೆ ಆಗಲಿ, ರಾತ್ರಿ ಬೇಗ ಮಲಗಲಿ. ಆ ರಾತ್ರಿ ಹೊರಬಾಗಿಲ ಮೇಲಿನ ಚಿಲಕ ಮರೆಯಬೇಡಿ.

ಎಂಟು ವರ್ಷ ಆದರೂ ಹಾಸಿಗೆ ಒದ್ದೆ ಮಾಡ್ತಾನೆ. ಬೈದರೂ ಕೇಳುವುದಿಲ್ಲ.

ಬೈದರೆ ನಿಲ್ಲದು, ಏಕೆಂದರೆ ಅವನು ಮಾಡುತ್ತಿರುವುದಲ್ಲ. ಮೂತ್ರಕೋಶ ತುಂಬಿದ ಸುದ್ದಿ ಅವನ ನಿದ್ದೆಯನ್ನು ಭೇದಿಸುವುದಿಲ್ಲ, ಅಷ್ಟೇ. ಐದು ವರ್ಷದಲ್ಲಿ ನೂರಕ್ಕೆ ಸುಮಾರು 15 ಮಕ್ಕಳಿಗೆ ಇದಿರುತ್ತದೆ. ಆಮೇಲೆ ವರ್ಷವರ್ಷವೂ ಉಳಿದವರಲ್ಲಿ ನೂರಕ್ಕೆ ಹದಿನೈದರಷ್ಟು ಮಂದಿ ತಾವಾಗಿಯೇ ಸರಿಹೋಗುತ್ತಾರೆ.

ಮಲಬದ್ಧತೆ ಇದೆಯೇ ನೋಡಿ. ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದೆ, ಹೆಚ್ಚಿನವರು ಇದನ್ನು ನೋಡುವುದೇ ಇಲ್ಲ. ನೀರನ್ನು ಹಗಲಿಗೆ ಹಂಚಿ ಕೊಡಿ, ಸಂಜೆ ಮೇಲೆ ಕಡಿಮೆ ಮಾಡಿ, ಚಹಾ ಬೇಡ. ಮಲಗುವ ಮೊದಲು ಅರ್ಧ ಗಂಟೆಯ ಅಂತರದಲ್ಲಿ ಎರಡು ಸಲ ಮೂತ್ರ ಮಾಡಿಸಿ. ಆಟಿ ತಿಂಗಳ ಮಳೆಯಲ್ಲಿ ಹಾಸಿಗೆ ಒಣಗುವುದಿಲ್ಲ. ಹಾಸಿಗೆ, ಮೇಲೆ ರಬ್ಬರ್ ಶೀಟು, ಬೆಡ್‌ಶೀಟು, ಮತ್ತೆ ರಬ್ಬರ್ ಶೀಟು, ಬೆಡ್‌ಶೀಟು ಹೀಗೆ ಎರಡು ಪದರ ಹಾಸಿಟ್ಟರೆ ನಡುರಾತ್ರಿ ಮೇಲಿನ ಜೋಡಿ ಎಳೆದು ತೆಗೆದರಾಯಿತು.

ಒದ್ದೆಯಾದ ಕೂಡಲೇ ಬಡಿದುಕೊಳ್ಳುವ ಅಲಾರಂ ಸಿಗುತ್ತದೆ. ಎರಡು ಮೂರು ತಿಂಗಳು ಬೇಕು, ಸತತ 14 ಒಣ ರಾತ್ರಿ ಆಗುವವರೆಗೆ ಬಿಡಬಾರದು. ಮೊದಮೊದಲು ಮನೆಯವರಿಗೆಲ್ಲ ಎಚ್ಚರವಾಗುತ್ತದೆ, ಮಗನಿಗೆ ಮಾತ್ರ ಆಗುವುದಿಲ್ಲ. ನೀವೇ ಎಬ್ಬಿಸಿ ಬಚ್ಚಲಿಗೆ ನಡೆಸಿ. ಮದುವೆಗೋ ಪ್ರವಾಸಕ್ಕೋ ಎಂದು ವೈದ್ಯರು ಡೆಸ್ಮೋಪ್ರೆಸಿನ್ ಕೊಟ್ಟರೆ, ಮಾತ್ರೆಗೆ ಒಂದು ಗಂಟೆ ಮೊದಲಿನಿಂದ ಎಂಟು ಗಂಟೆಯ ನಂತರದವರೆಗೆ ನೀರು ಗುಟುಕಷ್ಟೇ. ಹೆಚ್ಚು ಕುಡಿದರೆ ರಕ್ತದ ಸೋಡಿಯಂ ಇಳಿದು ಫಿಟ್ಸ್ ಬರಬಹುದು.

ಆರು ತಿಂಗಳು ಒಣಗಿದ್ದ ಮಗು ಪುನಃ ಶುರು ಮಾಡಿದರೆ, ಜೊತೆಗೆ ವಿಪರೀತ ಬಾಯಾರಿಕೆ, ಉರಿಮೂತ್ರ ಅಥವಾ ತೂಕ ಇಳಿಕೆ ಇದ್ದರೆ ಅದೇ ದಿನ ಮೂತ್ರ ಮತ್ತು ಸಕ್ಕರೆ ಪರೀಕ್ಷೆ ಮಾಡಿಸಿ.

ಹಲ್ಲು ಕಡಿಯುವುದು ಹೊಟ್ಟೆಹುಳದಿಂದ ಅಲ್ವಾ?

ಹಲ್ಲು ಕಡಿತಕ್ಕೆ ಹುಳವೇ ಕಾರಣವೆನ್ನಲು ಗಟ್ಟಿ ಆಧಾರವಿಲ್ಲ. ಗುದದ ತುರಿಕೆ ಇದ್ದರೆ ಹುಳಕ್ಕೆ ಮದ್ದು ಕೊಡಿ, ಅದು ಬೇರೆ ಕಾರಣಕ್ಕೆ. ಹಾಲುಹಲ್ಲಿನ ಮಕ್ಕಳಲ್ಲಿ ಸಾಮಾನ್ಯವಾಗಿ ಏನೂ ಬೇಕಿಲ್ಲ. ದೊಡ್ಡವರಿಗೆ ಬೆಳಿಗ್ಗೆ ದವಡೆನೋವು, ಕಣತಲೆ ನೋವು, ಹಲ್ಲು ಸವೆತ ಇದ್ದರೆ ದಂತವೈದ್ಯರು ಅಳತೆ ತೆಗೆದು ರಾತ್ರಿ ಹಾಕುವ ಕವಚ ಮಾಡಿಕೊಡುತ್ತಾರೆ. ಅದು ಕಡಿತವನ್ನು ನಿಲ್ಲಿಸುವುದಿಲ್ಲ, ಹಲ್ಲನ್ನು ಉಳಿಸುತ್ತದೆ.

## ಮನೆ ಭದ್ರ ಮಾಡುವುದು

ಅಂಗಳದಲ್ಲೇ ಬಾವಿ, ಕೆಳಗೆ ತೋಟದ ಕೆರೆ. ರಾತ್ರಿ ಎದ್ದು ಹೊರಗೆ ಹೋದರೆ?

ನಿದ್ದೆಯ ನಡಿಗೆಯಿಂದ ಜೀವ ಹೋಗುವುದಿಲ್ಲ, ಅದು ಕೊಂಡೊಯ್ಯುವ ಜಾಗದಿಂದ ಹೋಗಬಹುದು. ಮದ್ದಿಗೂ ಪರೀಕ್ಷೆಗೂ ಮೊದಲು ಮಾಡಬೇಕಾದ ಕೆಲಸ ಇದು.

ಬಾವಿಗೆ ಕಟ್ಟೆ ಇದ್ದರೆ ಸಾಲದು. ನಿದ್ದೆಯಲ್ಲಿರುವವರು ಕಟ್ಟೆ ಹತ್ತಬಲ್ಲರು. ತರಗೆಲೆ ಬೀಳದಿರಲಿ ಎಂದು ಹೊದಿಸಿದ ಬಲೆ ಮನುಷ್ಯನ ಭಾರ ತಾಳುವುದಿಲ್ಲ. ಕಬ್ಬಿಣದ ಸರಳಿನ ಗ್ರಿಲ್ ಮಾಡಿಸಿ, ಕೊಡಪಾನ ಇಳಿಯುವಷ್ಟು ಕಿಂಡಿಗೆ ಮುಚ್ಚಳ ಮತ್ತು ಬೀಗ ಇಡಿಸಿ. ಕೆರೆಗೆ, ಮನೆಯ ಹಿಂದಿನ ಸುರಂಗದ ಬಾಯಿಗೆ ಇಳಿಯುವ ದಾರಿಗೆ ತಡಮೆ ಬದಲು ಕೊಂಡಿ ಹಾಕುವ ಗೇಟು ಬೇಕು. ಉಪ್ಪಳ, ಕುಂಬಳೆಯಲ್ಲಿ ರೈಲುಹಳಿ ಅಥವಾ ಹೆದ್ದಾರಿಯ ಬದಿಯಲ್ಲಿರುವ ಮನೆಗಳಿಗೆ ಅಂಗಳದ ಗೇಟಿನ ಬೀಗ ಅಷ್ಟೇ ಮುಖ್ಯ.

ಹೊರಬಾಗಿಲಿನ ದಾರಂದದ ತೀರ ಮೇಲ್ಗಡೆ ಎರಡನೆಯ ಚಿಲಕ ಹಾಕಿಸಿ. ದಿನವೂ ತೆಗೆಯುವ ಚಿಲಕವನ್ನು ಕೈ ನಿದ್ದೆಯಲ್ಲೂ ತೆಗೆಯುತ್ತದೆ, ಹೊಸ ಜಾಗದ್ದು ಅದಕ್ಕೆ ಅಭ್ಯಾಸವಿಲ್ಲ. ಬಾಗಿಲಿಗೆ ಗೆಜ್ಜೆಯ ಸರವನ್ನೋ ಬ್ಯಾಟರಿಯ ಸಣ್ಣ ಅಲಾರಂ ಅನ್ನೋ ಕಟ್ಟಿದರೆ ನಿಮಗೆ ಎಚ್ಚರವಾಗುತ್ತದೆ. ಬೀಗ ಹಾಕಿದರೆ ಕೀಲಿ ಎಲ್ಲಿದೆಯೆಂದು ಮನೆಯ ದೊಡ್ಡವರೆಲ್ಲರಿಗೂ ಗೊತ್ತಿರಲಿ. ಬೆಂಕಿ ಬಿದ್ದಾಗ ಹುಡುಕುವಂತಾಗಬಾರದು. ಮಗುವನ್ನು ಒಂಟಿಯಾಗಿ ಕೋಣೆಯೊಳಗೆ ಕೂಡಿ ಬೀಗ ಹಾಕಲೇಬಾರದು.

ಮಲಗುವುದು ನೆಲಮಾಳಿಗೆಯಲ್ಲೋ ಮಹಡಿಯಲ್ಲೋ ಅಲ್ಲ, ಅಂಗಳದ ಮಟ್ಟದ ಕೋಣೆಯಲ್ಲಿ. ಸೆಕೆಗಾಲದಲ್ಲೂ ತಾರಸಿಯ ಮೇಲೆ ಬೇಡ. ಹಾಸಿಗೆ ನೆಲದ ಮೇಲಿದ್ದರೆ ಉತ್ತಮ. ನಡೆಯುವ ದಾರಿಯಲ್ಲಿ ಸ್ಟೂಲು, ನೀರಿನ ಕೊಡ, ಸೊಳ್ಳೆ ಬತ್ತಿ ಇರಬಾರದು. ಕತ್ತಿ, ಮೆಟ್ಟುಕತ್ತಿ, ಬೈಕಿನ ಕೀಲಿ ಕಪಾಟಿನೊಳಗೆ. ಗ್ಯಾಸಿನ ರೆಗ್ಯುಲೇಟರ್ ದಿನವೂ ಬಂದ್.

## ದೊಡ್ಡವರಲ್ಲಿ

ಎಚ್ಚರ ಉಂಟು, ಕೈಕಾಲು ಅಲ್ಲಾಡುವುದಿಲ್ಲ, ಎದೆ ಮೇಲೆ ಯಾರೋ ಕೂತ ಹಾಗೆ. ಬೊಬ್ಬೆ ಹೊಡೆಯಲಿಕ್ಕೂ ಆಗುವುದಿಲ್ಲ.

ಕನಸಿನ ನಿದ್ದೆಯಲ್ಲಿ ಮಿದುಳಿನ ಬುಡ ನಮ್ಮ ಸ್ನಾಯುಗಳನ್ನು ಸಡಿಲಬಿಟ್ಟಿರುತ್ತದೆ. ಇಲ್ಲವಾದರೆ ಕನಸಿನಲ್ಲಿ ಓಡಿದವರೆಲ್ಲ ನಿಜಕ್ಕೂ ಓಡುತ್ತಿದ್ದರು. ಕೆಲವೊಮ್ಮೆ ಎಚ್ಚರ ಮೊದಲು ಬಂದು ಈ ಸಡಿಲಿಕೆ ಒಂದೆರಡು ನಿಮಿಷ ಉಳಿದುಬಿಡುತ್ತದೆ. ಕನಸಿನ ಚೂರುಗಳೂ ಉಳಿದಿರುವುದರಿಂದ ಕೋಣೆಯಲ್ಲಿ ಯಾರೋ ಇದ್ದಂತೆ, ಎದೆ ಒತ್ತಿದಂತೆ ಅನ್ನಿಸುತ್ತದೆ. ಉಸಿರಾಟದ ವಪೆ ಆಗಲೂ ಕೆಲಸ ಮಾಡುತ್ತಲೇ ಇರುತ್ತದೆ, ಉಸಿರು ನಿಲ್ಲುವುದಿಲ್ಲ. ಜೀವಮಾನದಲ್ಲಿ ಒಮ್ಮೆಯಾದರೂ ಇದನ್ನು ಕಂಡವರು ನೂರಕ್ಕೆ ಸುಮಾರು 8 ಮಂದಿ, ವಿದ್ಯಾರ್ಥಿಗಳಲ್ಲಿ ಇನ್ನೂ ಹೆಚ್ಚು.

ಆ ಹೊತ್ತಿಗೆ ಮೈ ಪೂರ್ತಿ ಎತ್ತಲು ಹೆಣಗಬೇಡಿ, ಹೆದರಿಕೆ ಹೆಚ್ಚುತ್ತದೆ. ಉಸಿರನ್ನು ನಿಧಾನಕ್ಕೆ ಎಣಿಸುತ್ತ, ಕಣ್ಣುಗುಡ್ಡೆ ಆಚೀಚೆ ಹೊರಳಿಸುತ್ತ, ಕಾಲಿನ ಒಂದೇ ಬೆರಳನ್ನು ಅಲ್ಲಾಡಿಸಲು ನೋಡಿ. ಅಂಗಾತ ಮಲಗಿದಾಗ ಹೆಚ್ಚು ಬರುವುದರಿಂದ ಮಗ್ಗುಲಾಗಿ ಮಲಗುವುದನ್ನು ರೂಢಿಸಿಕೊಳ್ಳಿ. ಹಗಲು ತಡೆಯಲಾಗದ ನಿದ್ದೆ ಇದ್ದರೆ, ನಗುವಾಗ ಮೊಣಕಾಲು ಕುಸಿಯುತ್ತಿದ್ದರೆ ಅದು ನಾರ್ಕೊಲೆಪ್ಸಿ ಇರಬಹುದು. ನರರೋಗ ತಜ್ಞರನ್ನು ಕಾಣಬೇಕು.

ಗಲ್ಫಿನಲ್ಲಿರುವ ತಮ್ಮ 32ನೆಯ ವಯಸ್ಸಿಗೆ ಹೊಸದಾಗಿ ನಿದ್ದೆಯಲ್ಲಿ ನಡೆಯಲು ಶುರು ಮಾಡಿದ್ದಾನಂತೆ. ಈ ವಯಸ್ಸಲ್ಲಿ ಬರ್ತದಾ?

ಬರುತ್ತದೆ, ಆದರೆ ಹೊಸದಾಗಿ ಬಂದರೆ ಕಾರಣ ಹುಡುಕಬೇಕು. ಒಂದೊಂದಾಗಿ ಕೇಳಿ.

ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಾನಾ? ಜೋಲ್ಪಿಡೆಮ್ ಮತ್ತು ಅದರ ಜಾತಿಯ ಮಾತ್ರೆ ನುಂಗಿದವರು ನಿದ್ದೆಯಲ್ಲೇ ನಡೆದದ್ದು, ವಾಹನ ಓಡಿಸಿದ್ದೂ ಇದೆ. 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಮಾತ್ರೆಗಳ ಮೇಲೆ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಅಚ್ಚು ಹಾಕಿಸಿತು. ಹಾಗಾಗಿದ್ದರೆ ಮುಂದಿನ ಮಾತ್ರೆ ನುಂಗುವ ಮೊದಲೇ ವೈದ್ಯರಿಗೆ ತಿಳಿಸಲಿ. ಪಾಳಿ ವಾರವಾರವೂ ಬದಲಾಗುತ್ತದಾ? ರಾತ್ರಿ ಪಾಳಿ ಮುಗಿದ ಮೇಲೆ ಹಗಲು ನಾಲ್ಕೇ ಗಂಟೆ ಮಲಗುತ್ತಾನಾ? ಕುಡಿತ ಇದೆಯಾ? ಗೊರಕೆ ನಡುವೆ ಉಸಿರು ಕಟ್ಟಿ ಬೆಚ್ಚಿ ಏಳುತ್ತಾನಾ? ಇದನ್ನು ರೂಮಿನವರು ಹೇಳಬಲ್ಲರು, ಅವನಿಗೇ ಗೊತ್ತಿರುವುದಿಲ್ಲ. ರೂಮಿನವರಿಗೆ ವಿಷಯ ಹೇಳಿಡಲಿ, ಎರಡಂತಸ್ತಿನ ಮಂಚವಾದರೆ ಕೆಳಗಿನದನ್ನೇ ಕೇಳಿ ಪಡೆಯಲಿ.

ರಾತ್ರಿ ಕಾಲಿನೊಳಗೆ ಏನೋ ಹರಿದಾಡಿದಂತೆ ಆಗಿ ಅಲ್ಲಾಡಿಸದೆ ಇರಲಾಗದಿದ್ದರೆ ಫೆರಿಟಿನ್ ಪರೀಕ್ಷೆ ಮಾಡಿಸಬೇಕು. ಹಿಮೋಗ್ಲೋಬಿನ್ ಸರಿಯಿದ್ದರೂ ಕಬ್ಬಿಣದ ದಾಸ್ತಾನು ಕಡಿಮೆ ಇರಬಹುದು. ಇಂಥವರಲ್ಲಿ ಫೆರಿಟಿನ್ 75ಕ್ಕಿಂತ ಕೆಳಗಿದ್ದರೆ ಕಬ್ಬಿಣಾಂಶ ಕೊಡುವುದನ್ನು ವೈದ್ಯರು ಯೋಚಿಸುತ್ತಾರೆ.

ಬೆಳಿಗ್ಗೆ ನೋಡಿದರೆ ಅಡುಗೆಮನೆ ಚೆಲ್ಲಾಪಿಲ್ಲಿ, ತಿಂದದ್ದು ಅವರಿಗೇ ನೆನಪಿಲ್ಲ.

ಇದು ಬಾಯಿಚಪಲ ಅಲ್ಲ, ಕದ್ದು ತಿನ್ನುವುದೂ ಅಲ್ಲ. ನಿದ್ದೆಯಲ್ಲಿ ತಿನ್ನುವವರು ಹಸಿ ಮೀನು, ಬರೇ ಉಪ್ಪು, ಕುದಿಯುವುದು, ತಿನ್ನಬಾರದ್ದು ಎಲ್ಲವನ್ನೂ ಬಾಯಿಗೆ ಹಾಕಬಲ್ಲರು. ಅಡಿಕೆ ತೋಟಕ್ಕೆ ತಂದ ಮೈಲುತುತ್ತು, ಇಲಿಪಾಷಾಣ, ಕಳೆನಾಶಕಗಳನ್ನು ಮನೆಯಿಂದ ಹೊರಗೆ ಬೀಗದೊಳಗೆ ಇಡಿ. ಅಡುಗೆಮನೆಗೂ ಬೀಗ ಇರಲಿ. ಸಕ್ಕರೆ ಕಾಯಿಲೆ ಇದ್ದವರಾದರೆ ಬೆಳಗಿನ ಸಕ್ಕರೆ ಏರಿಳಿಯುವುದಕ್ಕೆ ಇದೇ ಕಾರಣವಿರಬಹುದು. ಇನ್ಸುಲಿನ್ ಪ್ರಮಾಣ ಹೆಚ್ಚಿಸುವ ಮೊದಲು ಈ ಸಂಗತಿ ವೈದ್ಯರಿಗೆ ಗೊತ್ತಾಗಬೇಕು. ಇಲ್ಲೂ ಜೋಲ್ಪಿಡೆಮ್ ಮೊದಲ ಅನುಮಾನ.

ನಿದ್ದೆಯಲ್ಲೇ ಸಂಗಾತಿಯನ್ನು ಲೈಂಗಿಕವಾಗಿ ಮುಟ್ಟಿ, ಬೆಳಿಗ್ಗೆ ನೆನಪಿಲ್ಲದ ಪ್ರಸಂಗಗಳೂ ಇದೇ ಗುಂಪಿನವು. ಹೇಳಲು ನಾಚಿಕೊಂಡು ವರ್ಷಗಟ್ಟಲೆ ಸಹಿಸುವವರಿದ್ದಾರೆ. ಚಿಕಿತ್ಸೆ ಇದೆ. ಅಲ್ಲಿಯವರೆಗೆ ಬೇರೆ ಕೋಣೆಯಲ್ಲಿ ಮಲಗಿ. ಮಕ್ಕಳನ್ನು ಅದೇ ಹಾಸಿಗೆಯಲ್ಲಿ ಮಲಗಿಸಬೇಡಿ.

ಒಂದೇ ಕೆಟ್ಟ ಕನಸು ವಾರಕ್ಕೆ ಮೂರು ನಾಲ್ಕು ಸಲ ಬರ್ತದೆ. ಮಲಗಲಿಕ್ಕೇ ಹೆದರಿಕೆ.

ಅದೇ ಕನಸು ಪದೇ ಪದೇ ಬರುವುದಾದರೆ ಅದನ್ನು ಹಗಲಿನಲ್ಲಿ ಬದಲಿಸಬಹುದು. ಕನಸನ್ನು ಕಾಗದದ ಮೇಲೆ ಬರೆಯಿರಿ. ಯಾವುದಾದರೂ ಒಂದು ಕಡೆಯಿಂದ ನಿಮಗೆ ಬೇಕಾದ ಹಾಗೆ ತಿರುಗಿಸಿ ಹೊಸದಾಗಿ ಬರೆಯಿರಿ. ಹೊಳೆಯಲ್ಲಿ ಕೊಚ್ಚಿಹೋಗುವ ಕನಸಾದರೆ ಕಾಲಿಗೆ ಮರಳು ಸಿಕ್ಕಿತು, ದಡ ಹತ್ತಿದೆ ಎಂದು. ಹೊಸ ಕಥೆಯನ್ನಷ್ಟೇ ದಿನಕ್ಕೆ 10ರಿಂದ 20 ನಿಮಿಷ ಕಣ್ಣೆದುರು ತಂದುಕೊಳ್ಳಿ, ಹಳೆಯದನ್ನು ಮೆಲುಕು ಹಾಕಬೇಡಿ. ಕೆಲವು ವಾರ ಹಿಡಿಯುತ್ತದೆ. ತೀರ ಭಯಾನಕವಾದ ಕನಸಿನಿಂದ ಶುರು ಮಾಡಬಾರದು. ಸಣ್ಣದರಲ್ಲಿ ಕೈ ಕುದುರಲಿ.

ಉಬ್ಬಸಕ್ಕೆ ಮಾಂಟೆಲುಕಾಸ್ಟ್ ತಿನ್ನುವವರು, ಮುಖ್ಯವಾಗಿ ಮಕ್ಕಳು, ಮಾತ್ರೆ ಶುರುವಾದ ಮೇಲೆ ಕೆಟ್ಟ ಕನಸು ಕಂಡರೆ ಅದನ್ನು ವೈದ್ಯರಿಗೆ ಹೇಳಲೇಬೇಕು. ಅಪಘಾತ, ಹಿಂಸೆ, ಮನೆಯಲ್ಲಿ ಸಾವು ಕಂಡ ನಂತರ ಬಂದ ಕನಸಾದರೆ, ಬದುಕು ಬೇಡ ಅನ್ನಿಸುತ್ತಿದ್ದರೆ ಮಾನಸಿಕ ನೆರವಿನ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಅಥವಾ ಕೇರಳದ ದಿಶಾ 1056ಕ್ಕೆ ಫೋನ್ ಮಾಡಿ.

ಮಾವನವರಿಗೆ 66. ಬೆಳಗಿನ ಜಾವ ನಿದ್ದೆಯಲ್ಲೇ ಗುದ್ದುತ್ತಾರೆ, ಅತ್ತೆಗೆ ಪೆಟ್ಟಾಗಿದೆ. ಎಬ್ಬಿಸಿದರೆ ನಾಯಿ ಓಡಿಸುತ್ತಿದ್ದೆ ಅಂತಾರೆ.

ಹೊತ್ತು, ವಯಸ್ಸು, ಕನಸಿನ ನೆನಪು ಎಲ್ಲ ಕೂಡಿ ಇದು ರೆಮ್ ನಿದ್ದೆಯ ವರ್ತನೆ ತೊಂದರೆ ಎನ್ನಿಸುತ್ತದೆ. ಕನಸಿನಲ್ಲಿ ಸಡಿಲವಾಗಿರಬೇಕಾದ ಸ್ನಾಯುಗಳು ಸಡಿಲವಾಗುತ್ತಿಲ್ಲ. ಬೆಕ್ಕುಗಳಲ್ಲಿ ಇಂಥದ್ದನ್ನು ಫ್ರಾನ್ಸಿನ ಮಿಷೆಲ್ ಜುವೆ 1960ರ ದಶಕದಲ್ಲೇ ತೋರಿಸಿದ್ದರು. ಮನುಷ್ಯರಲ್ಲಿ ಇದೊಂದು ಪ್ರತ್ಯೇಕ ಕಾಯಿಲೆಯೆಂದು ಅಮೆರಿಕದ ಮಿನೆಸೋಟದಲ್ಲಿ ಶೆಂಕ್, ಮಾಹೊವಾಲ್ಡ್ ಮತ್ತು ಸಂಗಡಿಗರು ವಿವರಿಸಿದ್ದು 1986ರಲ್ಲಿ.

ಈ ರಾತ್ರಿಯಿಂದಲೇ ಅತ್ತೆಯವರು ಬೇರೆ ಹಾಸಿಗೆಯಲ್ಲಿ ಮಲಗಲಿ. ಅದು ಮುನಿಸಲ್ಲ, ಎಚ್ಚರಿಕೆ. ಮಾವನವರ ಹಾಸಿಗೆ ನೆಲಕ್ಕೆ ಇಳಿಸಿ, ಸುತ್ತ ದಿಂಬು ಇಡಿ, ತಲೆಯ ಬಳಿ ಇರುವ ಮೇಜು, ಗಾಜಿನ ಲೋಟ, ಟಾರ್ಚು ತೆಗೆಯಿರಿ. ಕತ್ತಿ, ಕೋವಿ ಆ ಕೋಣೆಯಲ್ಲಿ ಇರಲೇಬಾರದು. ಎಬ್ಬಿಸುವುದಾದರೆ ಮುಟ್ಟದೆ, ದೂರ ನಿಂತು ಹೆಸರು ಹಿಡಿದು ಕರೆಯಿರಿ.

ವೈದ್ಯರು ಮೆಲಟೋನಿನ್ ಅನ್ನು 3 ಮಿಲಿಗ್ರಾಂನಿಂದ ಶುರು ಮಾಡಿ ಮೆಲ್ಲಗೆ ಏರಿಸುವುದುಂಟು. ಕ್ಲೊನಾಜೆಪಾಮ್ ಕೂಡ ಕೆಲಸ ಮಾಡುತ್ತದೆ, ಆದರೆ ಹಿರಿಯರಲ್ಲಿ ತೂಕಡಿಕೆ, ಬೀಳುವಿಕೆ ತರುತ್ತದೆ, ಉಸಿರು ಕಟ್ಟುವ ಗೊರಕೆ ಇದ್ದರೆ ಅದನ್ನು ಹೆಚ್ಚಿಸಬಹುದು. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಈ ತೊಂದರೆ ಏಳುತ್ತದೆ. ತಾವಾಗಿ ನಿಲ್ಲಿಸದೆ, ಬರೆದುಕೊಟ್ಟವರಲ್ಲೇ ಕೇಳಿ.

ಕನಸಿಗೆ ತಕ್ಕಂತೆ ಗುದ್ದುವ ಈ ರೆಮ್ ತೊಂದರೆ ಮುಂದೆ ಪಾರ್ಕಿನ್ಸನ್ ಆಗ್ತದೆ ಅಂತ ಓದಿದೆ. ನಿಜವಾ?

ಭಾಗಶಃ ನಿಜ, ಮುಚ್ಚಿಡುವುದು ಸರಿಯಲ್ಲ. ಬೇರೆ ಕಾರಣ ಕಾಣದೆ ಈ ತೊಂದರೆ ಬಂದವರನ್ನು ಹಲವು ದೇಶಗಳ ಕೇಂದ್ರಗಳಲ್ಲಿ ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷಕ್ಕೆ ನೂರಕ್ಕೆ ಸುಮಾರು 6 ಮಂದಿಗೆ ಪಾರ್ಕಿನ್ಸನ್, ಲೂಯಿ ಬಾಡಿ ಮರೆಗುಳಿತನ ಅಥವಾ ಅದೇ ಬಳಗದ ಕಾಯಿಲೆ ಕಾಣಿಸಿಕೊಂಡಿತು. ಹಾಗೆಂದರೆ ನಾಳೆಯೇ ಎಂದಲ್ಲ. ಹತ್ತು ವರ್ಷ ದಾಟಿಯೂ ಆರೋಗ್ಯವಾಗಿದ್ದವರಿದ್ದಾರೆ. ಒಗ್ಗರಣೆಯ, ಮಲ್ಲಿಗೆಯ ವಾಸನೆ ತಿಳಿಯದಿರುವುದು, ಮಲಬದ್ಧತೆ, ನಿಂತಾಗ ತಲೆಸುತ್ತು, ಅಕ್ಷರ ಸಣ್ಣದಾಗುವುದು, ನಡೆಯುವಾಗ ಒಂದು ಕೈ ಬೀಸದಿರುವುದು ಇವುಗಳಲ್ಲಿ ಏನಿದ್ದರೂ ನರರೋಗ ತಜ್ಞರಿಗೆ ಹೇಳಿ. ವರ್ಷಕ್ಕೊಮ್ಮೆ ತಪಾಸಣೆ ಸಾಕು. ಕಾಯಿಲೆಯನ್ನು ತಡೆಯುವ ಮಾತ್ರೆ ಇದುವರೆಗೆ ಬಂದಿಲ್ಲ, ತಡೆಯುತ್ತದೆಂದು ಮಾರುವವರನ್ನು ನಂಬಬೇಡಿ. ದಿನವೂ ವೇಗವಾಗಿ ನಡೆಯುವಂಥ ವ್ಯಾಯಾಮ ಇರಲಿ.

## ವೈದ್ಯರ ಬಳಿ ಹೋಗುವಾಗ

ಫಿಟ್ಸ್ ಅಲ್ಲ ಅಂತ ಹೇಗೆ ಗೊತ್ತಾಗುವುದು?

ಫಿಟ್ಸ್ ಒಂದೇ ಅಚ್ಚಿನಲ್ಲಿ ಬರುತ್ತದೆ: ಅದೇ ಕೈ ಎತ್ತುವುದು, ಅದೇ ಕಡೆ ತಿರುಗುವುದು. ಸಾಮಾನ್ಯವಾಗಿ ಎರಡು ನಿಮಿಷದೊಳಗೆ ಮುಗಿಯುತ್ತದೆ, ಒಂದೇ ರಾತ್ರಿ ಹಲವು ಸಲ ಬರಬಹುದು, ಯಾವ ಹೊತ್ತಿಗೂ ಬರಬಹುದು. ನಿದ್ದೆಯ ನಡಿಗೆ ಪ್ರತಿ ಸಲವೂ ಬೇರೆ ಬೇರೆ, ಹೆಚ್ಚಾಗಿ ರಾತ್ರಿಗೆ ಒಂದೇ ಸಲ. ಮೈ ಬಿಗಿದು ಅದುರುವುದು, ನಾಲಗೆ ಕಚ್ಚಿದ ಗಾಯ, ಹಗಲಲ್ಲೂ ಬರುವುದು ಫಿಟ್ಸಿನ ಗುರುತು. ಶಾಲೆಗೆ ಹೋಗುವ ವಯಸ್ಸಿನ ಮಗುವಿಗೆ ನಿದ್ದೆಯಲ್ಲಿ ಮುಖದ ಒಂದು ಬದಿ ಸೆಳೆದು, ಜೊಲ್ಲು ಸುರಿದು, ಮಾತು ಹೊರಡದಿದ್ದರೆ ಅದೂ ಒಂದು ಬಗೆಯ ಅಪಸ್ಮಾರ, ಮಗು ದೊಡ್ಡದಾಗುತ್ತ ಬಂದಂತೆ ಸಾಮಾನ್ಯವಾಗಿ ತಾನಾಗಿ ನಿಲ್ಲುವಂಥದ್ದು.

ಆ ಹೊತ್ತಿಗೆ ಮಗ್ಗುಲಾಗಿ ಮಲಗಿಸಿ. ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಚಮಚ ತುರುಕುವುದು ಬೇಡ. ಐದು ನಿಮಿಷ ದಾಟಿದರೆ 108.

ಮಂಗಳೂರಿಗೆ ಹೋಗಬೇಕಾ? ಇಲ್ಲಿ ಹೇಳುವುದಾದರೆ ಮಲಯಾಳಂ ಸರಿಯಾಗಿ ಬರುವುದಿಲ್ಲ.

ಮೊದಲು ಹತ್ತಿರದ ಕುಟುಂಬ ಆರೋಗ್ಯ ಕೇಂದ್ರಕ್ಕೋ ತಾಲೂಕು ಆಸ್ಪತ್ರೆಗೋ ಹೋಗಿ, ಹೆಚ್ಚಿನ ಮಕ್ಕಳ ವಿಷಯ ಅಲ್ಲೇ ಮುಗಿಯುತ್ತದೆ. ಗಾಯವಾಗುತ್ತಿದ್ದರೆ, ಮನೆಯಿಂದ ಹೊರಗೆ ಹೋಗುತ್ತಿದ್ದರೆ, ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಆಗುತ್ತಿದ್ದರೆ, ದೊಡ್ಡವರಲ್ಲಿ ಹೊಸದಾಗಿ ಬಂದಿದ್ದರೆ, ಫಿಟ್ಸಿನ ಅನುಮಾನವಿದ್ದರೆ ತಜ್ಞರಿಗೆ ಚೀಟಿ ಬರೆಸಿಕೊಳ್ಳಿ.

ಭಾಷೆಯ ಅಡ್ಡಿಗೆ ವೀಡಿಯೊ ಒಳ್ಳೆಯ ಮದ್ದು. ಫೋನನ್ನು ಇಡೀ ಮೈ ಕಾಣುವಷ್ಟು ದೂರ ಹಿಡಿದು, ಶುರುವಿನಿಂದ ಪೂರ್ತಿ ಶಾಂತವಾಗುವವರೆಗೆ ತೆಗೆಯಿರಿ. ನಡುವೆ ಹೆಸರೇನೆಂದು ಒಮ್ಮೆ ಕೇಳಿ, ಉತ್ತರ ಬಂತೋ ಇಲ್ಲವೋ ಅದರಲ್ಲಿ ದಾಖಲಾಗಲಿ. ಜೊತೆಗೆ ಎರಡು ವಾರದ ಲೆಕ್ಕ ಬರೆದ ಹಾಳೆ ಒಯ್ಯಿರಿ: ಮಲಗಿದ ಗಂಟೆ, ಆದ ಗಂಟೆ, ನಿಮಿಷ, ನೆನಪು, ಆ ದಿನದ ಜ್ವರ, ಮಾತ್ರೆ, ನಿದ್ದೆಗೇಡು. "ಉರಕ್ಕತ್ತಿಲ್ ನಡಕ್ಕುಂ" ಅಂದರೆ ನಿದ್ದೆಯಲ್ಲಿ ನಡೆಯುತ್ತಾರೆ, "ಕೂರ್ಕಂವಲಿ" ಗೊರಕೆ, "ರಾವಿಲೆ ಓರ್ಮ ಇಲ್ಲ" ಬೆಳಿಗ್ಗೆ ನೆನಪಿಲ್ಲ. ಅಪಸ್ಮಾರಕ್ಕೆ ಅಲ್ಲೂ ಅಪಸ್ಮಾರಂ ಎಂದೇ ಅನ್ನುತ್ತಾರೆ.

ನಿದ್ದೆ ಪರೀಕ್ಷೆ ಬರೆದುಕೊಟ್ಟಿದ್ದಾರೆ. ಮನೆಯಲ್ಲೇ ಮಾಡುವ ಯಂತ್ರ ಸಾಕಾಗ್ತದಾ?

ಗೊರಕೆ ಮತ್ತು ಉಸಿರಿನ ಅಡ್ಡಿಯನ್ನು ನೋಡಲಷ್ಟೇ ಆದರೆ ಸಾಕಾಗಬಹುದು. ನಿದ್ದೆಯಲ್ಲಿ ಗುದ್ದುವುದು, ನಡೆಯುವುದು, ಫಿಟ್ಸಿನ ಅನುಮಾನ ಇವಕ್ಕೆ ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿ ಮಾಡಿಸುವ ಪರೀಕ್ಷೆಯೇ ಬೇಕು. ತಲೆಗೆ, ಕಣ್ಣಿನ ಬದಿಗೆ, ಗಲ್ಲಕ್ಕೆ, ಕಾಲಿಗೆ ತಂತಿ ಅಂಟಿಸುತ್ತಾರೆ, ಎದೆ ಹೊಟ್ಟೆಗೆ ಪಟ್ಟಿ, ಮೂಗಿನ ಬಳಿ ನಳಿಗೆ, ಬೆರಳಿಗೆ ಆಮ್ಲಜನಕದ ಕ್ಲಿಪ್, ಮೇಲೆ ಕ್ಯಾಮೆರಾ. ಸೂಜಿ ಇಲ್ಲ, ನೋವಿಲ್ಲ. ಕನಸಿನ ನಿದ್ದೆಯಲ್ಲಿ ಗಲ್ಲದ ಸ್ನಾಯು ಸಡಿಲವಾಯಿತೇ ಎನ್ನುವುದು ಗಲ್ಲದ ಆ ತಂತಿಯಿಂದಲೇ ತಿಳಿಯಬೇಕು, ಅದು ಮನೆಯ ಯಂತ್ರದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹೋಗುವ ದಿನ ತಲೆಗೆ ತೆಂಗಿನೆಣ್ಣೆ ಹಾಕಬೇಡಿ, ತಂತಿ ಹಿಡಿಯುವುದಿಲ್ಲ. ಮಧ್ಯಾಹ್ನದ ನಂತರ ಕಾಫಿ, ಚಹಾ, ಹಗಲು ನಿದ್ದೆ ಬಿಡಿ. ಈಗ ತಿನ್ನುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಆಯುರ್ವೇದದ್ದೂ ಸೇರಿ, ಕೈಯಲ್ಲಿರಲಿ.